ಕೈಪಿಡಿ

ಗುರುವಾರ ಸಂಜೆ ಏಳಕ್ಕೆ, ಅರ್ಧ ಎಳೆದ ಶಟರಿನಡಿ
ಬಗ್ಗಿ ಒಳಬರುತ್ತಾರೆ ಒಬ್ಬೊಬ್ಬರೇ,
ಮೊಂತೆವಿದೆಯೊದ ಜುಲೈ ಚಳಿಯನ್ನು ಕೋಟಿನಲ್ಲಿ ಹೊತ್ತು.
ಮೊಳೆ ಚಿಲಕದ ಈ ಅಂಗಡಿ ನನ್ನದು.
ಹಾಗಾಗಿ ಲೆಕ್ಕವೂ ನನ್ನದೇ.

ಆಟ ಇಷ್ಟೇ: ಒಂದು ಫೋಟೋ ಮೇಜಿಗೆ ಬೀಳುತ್ತದೆ.
ಮನುಷ್ಯರಿರಕೂಡದು, ಬೋರ್ಡಿರಕೂಡದು,
ನದಿ ಕಾಣಕೂಡದು. ಸಮುದ್ರದಷ್ಟು ಅಗಲದ ನಮ್ಮ ನದಿಗೆ
ಗುಟ್ಟು ನಿಲ್ಲುವುದಿಲ್ಲ.
ಕಟ್ಟಡ ಯಾವುದೆಂದರೆ ಒಂದು ವಾಷರ್,
ಅದರ ವಾಸ್ತುಶಿಲ್ಪಿ ಯಾರೆಂದರೆ ಮೂರು.
ಒಂದಗುಳು ಹಿಸುಕಿ ಹಂಡೆಯನ್ನೇ ಹೇಳುವ ಜನ ಇವರು.

ದಾರ್ದೊ ಡ್ರಾಯಿಂಗ್ ಮೇಷ್ಟರಾಗಿದ್ದವರು.
ಸತ್ತ ವಾಸ್ತುಶಿಲ್ಪಿಗಳೆಲ್ಲ ಅವರಿಗೆ ಸೋದರಮಾವಂದಿರು:
ಯಾರಿಗೆ ಸಾಲವಿತ್ತು, ಯಾರು ಯಾರ ಬಾಲ್ಕನಿ ಕದ್ದರು,
ಯಾರು ಮೂಲೆಗೆ ಹೆದರಿ ಎಲ್ಲವನ್ನೂ ದುಂಡಗೆ ಮಾಡಿದರು.
ಜುಲ್ಮಾ ಹಲ್ಲಿನ ಸೆಟ್ಟು ಮಾಡುವವಳು. ಕಿಟಕಿಸಾಲು ಕಂಡರೆ
'ಮೇಲಿನ ಎಡಗಡೆಯದು ಆಮೇಲೆ ಕಟ್ಟಿಸಿದ್ದು' ಅನ್ನುತ್ತಾಳೆ.
ತಪ್ಪಿದ್ದು ನಾನು ನೋಡಿಲ್ಲ.
ಇರಿನೆಯೊ ಲಿಫ್ಟ್ ರಿಪೇರಿಯವನು. ನಲವತ್ತು ವರ್ಷ
ಕಟ್ಟಡಗಳ ಗಂಟಲಲ್ಲಿ ಹತ್ತಿ ಇಳಿದವನಿಗೆ
ಅವುಗಳ ಮುಖ ಗೊತ್ತಿಲ್ಲ.
ಸೋರೆಬುರುಡೆಯ ಕಷಾಯ ಹೀರುತ್ತ ಸುಮ್ಮನೆ ಕೂರುತ್ತಾನೆ.
ಎರಡು ವರ್ಷಕ್ಕೆ ಏಳು ವಾಷರ್.

ಅವತ್ತು ಹೊಸಬಳು, ಲುದ್ಮಿಲಾ, ಚೀಲದಿಂದ ತೆಗೆದದ್ದು
ಒಂದು ಮೆಟ್ಟಿಲ ತಿರುವು.
ದುಂಡು ಕಿಟಕಿ, ಅದರ ತುಂಬ ಬರೀ ಆಕಾಶ.
ಫೋಟೋದ ಅಂಚಿನಲ್ಲಿ ಬೆರಳಗಲ ಕಬ್ಬಿಣದ ಜಾಲರಿ.
ಹಿತ್ತಾಳೆಯ ಕೈಪಿಡಿ ಕೊನೆಗೆ ಸುರುಳಿ ಸುತ್ತಿ ನಿಂತಿದೆ,
ಹೇಳಲು ಹೊರಟ ಮಾತು ನುಂಗಿದ ಹಾಗೆ.

'ಬಾರ್ಸೆಯ್ರೊ!' ದಾರ್ದೊ ಮೇಜು ಗುದ್ದಿದರು. 'ಮೂವತ್ತೇಳನೇ ಇಸವಿ!
ಊರಿಗೂರೇ ಹಡಗಿನ ಹುಚ್ಚು ಹಿಡಿದಿತ್ತು ಆಗ,
ಮನೆಯಲ್ಲಿ ಕೂತೇ ಎಲ್ಲಿಗೋ ಹೋಗುವ ಆಸೆ.'
'ಅವನ ಶಿಷ್ಯ ಇರಬೇಕು,' ಜುಲ್ಮಾ ಕನ್ನಡಕ ಏರಿಸಿದಳು,
'ಗುರುವಾಗಿದ್ದರೆ ಕಿಟಕಿ ಒಂದು ಗೇಣು ಕೆಳಗಿರುತ್ತಿತ್ತು.'
'ಶಿಷ್ಯನೂ ಅಲ್ಲ, ಯಾವನೋ ಮೇಸ್ತ್ರಿ!'
'ಮೇಸ್ತ್ರಿಗೆ ಈ ಸುರುಳಿ ಬರುತ್ತದೆಯೇ?'
ಮಾತು ಏರಿತು. ಬುರುಡೆ ತಣ್ಣಗಾಯಿತು.
ಯಾರೋ ಬ್ರೆಜಿಲ್ ಅಂದರು, ಅವರತ್ತ ಯಾರೂ ತಿರುಗಲಿಲ್ಲ.

ಇರಿನೆಯೊ ನನ್ನ ಗಲ್ಲಾದಿಂದ ಭೂತಗನ್ನಡಿ ತಂದ.
ಮೆಟ್ಟಿಲ ಅಂಚು ನೋಡಿದ. ಬಹಳ ಹೊತ್ತು.
'ಲಿಫ್ಟಿರುವ ಮನೆಯಲ್ಲಿ, ಇಷ್ಟು ಮೇಲೆ,
ಕಲ್ಲು ಹೀಗೆ ಸವೆಯಬಾರದು,' ಅಂದ.
ಆಮೇಲೆ, ತಗ್ಗಿದ ದನಿಯಲ್ಲಿ:
'ಎಂಬತ್ತಮೂರು. ಒಂದು ಗೇರ್ ಸಿಗದೆ
ಹನ್ನೊಂದು ತಿಂಗಳು ನಿಂತಿತ್ತು ಇದು. ನನ್ನ ಕೈಯಲ್ಲೇ.
ಜನ ನನ್ನ ತಾಯಿಯನ್ನು ನೆನೆಯುತ್ತ ಹತ್ತಿದರು.
ಗ್ಯಾಸ್ ಸಿಲಿಂಡರ್ ಹತ್ತಿತು, ಮದುಮಕ್ಕಳ ಮಂಚ ಹತ್ತಿತು,
ಒಂದು ಪಿಯಾನೋ ಹತ್ತಲಾರದೆ ಇಲ್ಲಿ ಕೂತಿತು.
ನೋಡಿ, ಕೈಪಿಡಿಗೆ ಕೆಳಗಿನಿಂದ ಬಿದ್ದ ಏಟು.
ಚಾನಾ ಬೀದಿ. ಔಷಧಿ ಅಂಗಡಿಯ ಮೇಲೆ.'

'ಹನ್ನೊಂದು ತಿಂಗಳಿಗೆಲ್ಲ ಅಮೃತಶಿಲೆ ಸವೆಯುತ್ತದೇನಯ್ಯ?' ದಾರ್ದೊ.
'ಆಮೇಲೂ ಅದು ಸರಿಯಾಗಲಿಲ್ಲ,' ಲುದ್ಮಿಲಾ ಅಂದಳು.
'ನಾನಿರುವುದು ಅಲ್ಲೇ. ಐದನೇ ಮಹಡಿ.'

ಇರಿನೆಯೊನ ಕಿವಿ ಕೆಂಪಾಯಿತು,
ಅರವತ್ತೆಂಟು ವರ್ಷದ ಕಿವಿ.

'ಹಾಗಾದರೆ ಕಟ್ಟಿದವರು?' ದಾರ್ದೊ ಬಿಡಲಿಲ್ಲ.
ನಗರಸಭೆಯ ನಕ್ಷೆಯಲ್ಲಿ ಹೆಸರಿದ್ದ ಮೂಲೆಯನ್ನು
ಹುಳು ತಿಂದಿದೆಯಂತೆ. ಹುಡುಗಿ ಹೋಗಿ ನೋಡಿ ಬಂದಿದ್ದಾಳೆ.
ಫೋಟೋ ತಂದದ್ದು ಆಟಕ್ಕಲ್ಲ, ಕೇಳಲಿಕ್ಕೆ.

ಇರಿನೆಯೊನ ಮುಂದೆ ಒಂದು ವಾಷರ್ ಇಟ್ಟೆ.
ಉಳಿದ ಮೂರು ನನ್ನ ಅಂಗೈಯಲ್ಲೇ ಬೆಚ್ಚಗಾದವು.
ಅವನಾಗಲೇ ಎದ್ದು ಕೋಟು ತೊಡುತ್ತಿದ್ದ:
'ಮಷೀನ್ ರೂಮಿನ ಬೀಗದಕೈ ಯಾರ ಹತ್ತಿರ ಇದೆ?'

ಬಾಗಿಲೆಳೆದು ಮನೆಗೆ ಬಂದೆ. ನಮ್ಮಲ್ಲಿ ಲಿಫ್ಟ್ ಇಲ್ಲ.
ಮೆಟ್ಟಿಲ ದೀಪ ಎರಡನೇ ತಿರುವಿಗೆ ತಾನೇ ಆರುತ್ತದೆ, ದಿನವೂ.
ಇಪ್ಪತ್ತಾರು ವರ್ಷ ಆ ಕತ್ತಲಲ್ಲಿ ಹಿಡಿದ ಕೈಪಿಡಿ.
ಇವತ್ತು ಅದರ ಅಡಿಗೆ ಬೆರಳಾಡಿಸಿದೆ:
ಮರದಲ್ಲೊಂದು ತಗ್ಗು, ಹೆಬ್ಬೆರಳು ಸರಿಯಾಗಿ ಕೂರುವಷ್ಟು.
ಯಾರದ್ದೆಂದು ಕೇಳಬೇಕು, ಬರುವ ಗುರುವಾರ.
ಆದರೆ ಇದರ ಫೋಟೋ ತೆಗೆಯುವುದು ಹೇಗೆ?